ಪರೀಕ್ಷೆ ಬರೆಯದೆ ಪಾಸಾದ ಹೊಳೆ

ಸಕಲೇಶಪುರದ ಘಟ್ಟದಲ್ಲಿ ಹುಟ್ಟಿ ನೇತ್ರಾವತಿಯನ್ನು ಸೇರುವ ಎತ್ತಿನಹೊಳೆಯ ನೀರು, ಅದನ್ನು ಪೂರ್ವಕ್ಕೆ ತಿರುಗಿಸುವ ಯೋಜನೆಯಿಂದ, 2027ಕ್ಕೆ ಬಯಲುಸೀಮೆಯನ್ನು ತಲುಪಿಯೇ ತಲುಪುತ್ತದೆ ಎಂದು ಸರ್ಕಾರ ಇನ್ನೊಮ್ಮೆ ಭರವಸೆ ಕೊಟ್ಟಿದೆ. ಸಂತೋಷ. ಕೋಲಾರ, ಚಿಕ್ಕಬಳ್ಳಾಪುರದವರಿಗೆ ಈ ಸಂತೋಷ ಹೊಸದೇನಲ್ಲ. 2014ರ ಮಾರ್ಚ್‌ನಲ್ಲಿ, ಲೋಕಸಭಾ ಚುನಾವಣೆ ಘೋಷಣೆಯಾಗುವುದಕ್ಕೆ ಸ್ವಲ್ಪವೇ ಮೊದಲು, ಚಿಕ್ಕಬಳ್ಳಾಪುರದಲ್ಲಿ ಶಂಕುಸ್ಥಾಪನೆ ಆದಾಗಿನಿಂದ ಅವರು ಸಂತೋಷಪಡುತ್ತಲೇ ಬಂದಿದ್ದಾರೆ.

ನಿಂತಲ್ಲೇ ನಿಂತ ಯೋಜನೆ ಎಂದು ಹಳಿಯುವವರಿಗೆ ಕಣ್ಣಿಲ್ಲ. ಯೋಜನೆ ಎಷ್ಟು ಚೆನ್ನಾಗಿ ಬೆಳೆದಿದೆ ನೋಡಿ. 2012ರಲ್ಲಿ 8,323 ಕೋಟಿ ರೂಪಾಯಿ, 2014ರಲ್ಲಿ 12,912 ಕೋಟಿ, 2023ರಲ್ಲಿ 23,251 ಕೋಟಿ. ಬದಲಾಗದೆ ಉಳಿದಿದ್ದು ಒಂದೇ, ನೀರಿನ ಅಂದಾಜು: 24.01 ಟಿಎಂಸಿ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ). ಆ ದಶಮಾಂಶದ ಮೇಲೆ ನನಗೆ ಬಹಳ ಅಭಿಮಾನ. ಬರೀ ಇಪ್ಪತ್ನಾಲ್ಕು ಎಂದಿದ್ದರೆ ಯಾರೋ ಕುಳಿತಲ್ಲೇ ಹೇಳಿದ ಸಂಖ್ಯೆ ಎಂದು ಜನ ಅನುಮಾನಿಸುತ್ತಿದ್ದರು. ಪಾಯಿಂಟ್ ಸೊನ್ನೆ ಒಂದು ಎಂದಾಗ, ಯಾರೋ ಮಹಾನುಭಾವರು ಮಳೆಯಲ್ಲಿ ನೆನೆಯುತ್ತ, ಜಿಗಣೆ ಕಚ್ಚಿಸಿಕೊಳ್ಳುತ್ತ ಸಕಲೇಶಪುರದ ಹಳ್ಳಗಳಲ್ಲಿ ನಿಂತು ಅಳೆದಿರಬೇಕು ಎನಿಸುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯ ಟಿ. ವಿ. ರಾಮಚಂದ್ರ ಮತ್ತು ಸಂಗಡಿಗರು ಅದೇ ಜಲಾನಯನದ ಲೆಕ್ಕ ಹಾಕಿದಾಗ ಸಿಕ್ಕಿದ್ದು 9.55 ಟಿಎಂಸಿ. ಅದರಲ್ಲಿ ಅಲ್ಲಿಯ ಜನಕ್ಕೆ, ತೋಟಕ್ಕೆ, ಹೊಳೆಯ ಮೀನುಗಳಿಗೆ ಬೇಕಾದದ್ದನ್ನು ಕಳೆದರೆ ಉಳಿಯುವುದು ಒಂದು ಟಿಎಂಸಿಗೂ ಕಡಿಮೆ. ಅವರ ಲೆಕ್ಕದಲ್ಲೂ ದಶಮಾಂಶವಿದೆ. ಆದರೆ ಅವರ ಬಳಿ ಗುತ್ತಿಗೆದಾರರಿಲ್ಲ.

ಎರಡು ಲೆಕ್ಕಗಳಲ್ಲಿ ಯಾವುದು ಸರಿ ಎಂದು ಕಾಲುವೆ ಅಗೆಯುವ ಮೊದಲೇ ತೀರ್ಮಾನಿಸಲು ದೇಶದಲ್ಲಿ ಒಂದು ವ್ಯವಸ್ಥೆ ಇದೆ. ಪರಿಸರ ಪರಿಣಾಮ ಅಧ್ಯಯನ ಎಂದು ಅದರ ಹೆಸರು. 2006ರ ಅಧಿಸೂಚನೆಯಂತೆ ಐವತ್ತು ಮೆಗಾವಾಟ್‌ ಅಥವಾ ಅದಕ್ಕೂ ಹೆಚ್ಚಿನ ಜಲವಿದ್ಯುತ್ತಿಗೆ, ಹತ್ತು ಸಾವಿರ ಹೆಕ್ಟೇರಿನ ಅಚ್ಚುಕಟ್ಟಿಗೆ ದೆಹಲಿಯ ಅನುಮತಿ ಬೇಕಿತ್ತು. ಕುಡಿಯುವ ನೀರಿನ ಪ್ರಸ್ತಾಪ ಪಟ್ಟಿಯಲ್ಲೇ ಇಲ್ಲ. ಹೀಗಾಗಿ ಎಂಟು ಒಡ್ಡುಗಳು, ಘಟ್ಟದ ಮೇಲಕ್ಕೆ ನೀರೆತ್ತುವ ಪಂಪುಗಳು, ಆಳೆತ್ತರದ ಕೊಳವೆಗಳು, ತುಮಕೂರಿನ ಕಡೆಗೆ ಇನ್ನೂರೈವತ್ತು ಕಿಲೋಮೀಟರಿಗೂ ಉದ್ದದ ಕಾಲುವೆ, ಇಷ್ಟಕ್ಕೂ ಪರಿಸರ ಅನುಮತಿ ಬೇಡ. ಬೆಂಗಳೂರಿನಲ್ಲಿ ನೀವು ಇಪ್ಪತ್ತು ಸಾವಿರ ಚದರ ಮೀಟರಿನ ಅಪಾರ್ಟ್‌ಮೆಂಟ್ ಕಟ್ಟಿಸಿ ನೋಡಿ, ಅದೇ ಅಧಿಸೂಚನೆ ಬಾಗಿಲಲ್ಲಿ ನಿಂತಿರುತ್ತದೆ. ಈಜುಕೊಳವಿರುವ ಕಟ್ಟಡದಿಂದ ಪರಿಸರಕ್ಕೆ ಅಪಾಯ. ನೇತ್ರಾವತಿಯ ತಲೆಯನ್ನೇ ತಿರುಗಿಸಿದರೆ ಏನೂ ಆಗುವುದಿಲ್ಲ. ಅದೂ ಯಾವ ವರ್ಷ? ಪಶ್ಚಿಮ ಘಟ್ಟಕ್ಕೆ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟ ಸಿಕ್ಕ 2012ರಲ್ಲೇ ಈ ಯೋಜನೆಗೂ ಒಪ್ಪಿಗೆ ಸಿಕ್ಕಿತು.

24.01ರಲ್ಲಿ ಕುಡಿಯುವುದಕ್ಕೆಂದು ಬರೆದಿಟ್ಟಿದ್ದು 14 ಟಿಎಂಸಿ. ಉಳಿದ ಹತ್ತು ಟಿಎಂಸಿ 527 ಕೆರೆಗಳಿಗೆ. ಆ ಕೆರೆಗಳು ನೀರಾವರಿಗಲ್ಲ, ಅಂತರ್ಜಲಕ್ಕಂತೆ. ಅಂದರೆ ತೂಬು ಎತ್ತುವಂತಿಲ್ಲ, ಗದ್ದೆ ಮಾಡುವಂತಿಲ್ಲ, ನೀರು ಶಿಸ್ತಾಗಿ ನೆಲಕ್ಕಿಳಿದು ಯಾವುದಾದರೊಂದು ಕೊಳವೆಬಾವಿಯ ಮೂಲಕ ನೇರ ಲೋಟಕ್ಕೆ ಬರಬೇಕು. ಹಸಿರು ನ್ಯಾಯಮಂಡಳಿಯೂ ಇದು ಕುಡಿಯುವ ನೀರಿನ ಯೋಜನೆ ಎಂದು ಒಪ್ಪಿದ ಮೇಲೆ ನಾವು ಬಾಯಿ ಮುಚ್ಚಿಕೊಂಡೆವು.

ಇನ್ನೊಂದು ಕಾಕತಾಳೀಯವಿದೆ. ಶಂಕುಸ್ಥಾಪನೆಯ ಹೊತ್ತಿನಲ್ಲಿ ಚಿಕ್ಕಬಳ್ಳಾಪುರದ ಸಂಸದರಾಗಿದ್ದವರು ವೀರಪ್ಪ ಮೊಯಿಲಿ. ಕೇಂದ್ರದಲ್ಲಿ ಪರಿಸರ ಮತ್ತು ಅರಣ್ಯ ಖಾತೆಯೂ ಆಗ ಅವರ ಬಳಿಯೇ ಇತ್ತು. ಊರಲ್ಲಿ ನೋಡಿದರೆ ಅವರು ಕರಾವಳಿಯವರು. ಹೊಳೆ ಹರಿಯುವ ಊರು, ನೀರು ಬೇಕಾದ ಕ್ಷೇತ್ರ, ನೀರಿನ ಬಗ್ಗೆ ಪ್ರಶ್ನೆ ಕೇಳಬೇಕಾದ ಇಲಾಖೆ, ಮೂರೂ ಒಬ್ಬರಲ್ಲೇ ಸೇರಿದ್ದು ಅಪರೂಪದ ಯೋಗ. ಪ್ರಶ್ನೆ ಕೇಳುವ ಪ್ರಸಂಗ ಮಾತ್ರ ಬರಲಿಲ್ಲ, ವಿನಾಯಿತಿ ಇತ್ತಲ್ಲ.

ನನಗೆ ನಿಜವಾಗಿ ನಷ್ಟವೆನಿಸುವುದು ಸಾರ್ವಜನಿಕ ಅಹವಾಲು ಸಭೆಯದು. ಅಧ್ಯಯನ ನಡೆದಿದ್ದರೆ ಅದೂ ನಡೆಯಬೇಕಿತ್ತು. ಮೂವತ್ತು ದಿನ ಮೊದಲೇ ಪತ್ರಿಕಾ ಪ್ರಕಟಣೆ, ಕನ್ನಡದಲ್ಲಿ ವರದಿಯ ಸಾರಾಂಶ, ಜಿಲ್ಲಾಧಿಕಾರಿಯ ಅಧ್ಯಕ್ಷತೆ, ಮಾಲಿನ್ಯ ನಿಯಂತ್ರಣ ಮಂಡಳಿಯ ಬ್ಯಾನರ್, ಎಲ್ಲದರ ವಿಡಿಯೊ ಚಿತ್ರೀಕರಣ. ಇಂಥ ಸಭೆಗಳನ್ನು ನೋಡಿದವರಿಗೆ ಗೊತ್ತು, ನಮ್ಮ ಪ್ರಜಾಪ್ರಭುತ್ವದಲ್ಲಿ ಇದಕ್ಕಿಂತ ಒಳ್ಳೆಯ ನಾಟಕ ಇನ್ನೊಂದಿಲ್ಲ. ಶಾಮಿಯಾನದ ಕೆಳಗೆ ಮುಂದಿನ ಎರಡು ಸಾಲು ಅಧಿಕಾರಿಗಳಿಗೆ, ಮೂರನೆಯದು ಗುತ್ತಿಗೆದಾರರ ಕಡೆಯವರಿಗೆ. ಸಾರಾಂಶದ ಕನ್ನಡ ಎಂಥದ್ದೆಂದರೆ ಬರೆದವರೇ ಬಂದು ವಿವರಿಸಿದರೂ ಅರ್ಥವಾಗುವುದಿಲ್ಲ. ಕಾಫಿ ಬೆಳೆಗಾರರೊಬ್ಬರು ಎದ್ದು ತಮ್ಮ ಹಳ್ಳದಲ್ಲಿ ಬೇಸಿಗೆಯಲ್ಲಿ ಮೊಣಕಾಲುದ್ದವೂ ನೀರಿರುವುದಿಲ್ಲ ಎನ್ನುತ್ತಾರೆ. ಎಂಜಿನಿಯರು ಮೈಕ್ ಹಿಡಿದು, ನಾವು ಎತ್ತುವುದು ಜೂನ್ ಹದಿನೈದರಿಂದ ಅಕ್ಟೋಬರ್ ಮೂವತ್ತೊಂದರವರೆಗೆ ಮಾತ್ರ, ಒಟ್ಟು 139 ದಿನ ಎನ್ನುತ್ತಾರೆ. ಹಾಗಾದರೆ ಉಳಿದ ದಿನ ಕೊಳವೆಯಲ್ಲಿ ಏನಿರುತ್ತದೆ ಸ್ವಾಮಿ ಎಂದು ಹಿಂದಿನ ಸಾಲಿನಿಂದ ಕೂಗು ಬರುತ್ತದೆ. ಅಷ್ಟರಲ್ಲಿ ಊಟದ ಹೊತ್ತಾಗುತ್ತದೆ.

ಅಧ್ಯಯನವಾಗಿದ್ದರೆ ಹೊಳೆ ಉಳಿದುಬಿಡುತ್ತಿತ್ತು ಎಂಬ ಭ್ರಮೆಯೇನೂ ನನಗಿಲ್ಲ. ವರದಿ ಬರೆಯುವ ಸಲಹೆಗಾರರಿಗೆ ಸಂಭಾವನೆ ಕೊಡುವುದು ಯೋಜನೆಯ ಮಾಲೀಕರೇ. ರತ್ನಗಿರಿಯ ಬಾಕ್ಸೈಟ್ ಗಣಿಯೊಂದರ ಅಧ್ಯಯನ ವರದಿಯಲ್ಲಿ ರಷ್ಯಾದ ಗಣಿಯ ವರದಿಯಿಂದ ಎತ್ತಿದ ಪುಟಗಳು ಸಿಕ್ಕಿದ್ದು ಹಳೆಯ ಕಥೆ. ನಮ್ಮದರಲ್ಲೂ ಸೈಬೀರಿಯದ ಹಿಮಕರಡಿಗೆ ಎತ್ತಿನಹೊಳೆಯಿಂದ ತೊಂದರೆಯಿಲ್ಲ ಎಂದು ಬರೆದಿರುತ್ತಿದ್ದರೇನೋ. ಆದರೂ ಆ ಸುಳ್ಳು ಕಾಗದದ ಮೇಲೆ ಇರುತ್ತಿತ್ತು. ಅದನ್ನು ಹಿಡಿದು ನ್ಯಾಯಾಲಯಕ್ಕೆ ಹೋಗಬಹುದಿತ್ತು. ಈಗ ಹಿಡಿದುಕೊಳ್ಳಲು ಸುಳ್ಳೂ ಇಲ್ಲ.

ಅರಣ್ಯ ಕಾಯ್ದೆಯಲ್ಲಿ ಮಾತ್ರ ಕುಡಿಯುವ ನೀರೆಂದರೂ ಬಿಡುವುದಿಲ್ಲ. ಕಾಲುವೆ ದಾಟಬೇಕಾದ ತುಂಡು ತುಂಡು ಕಾಡಿಗೆ ಅನುಮತಿ ಕೇಳುತ್ತ ಇಲಾಖೆ ಅಲೆಯುತ್ತಿದೆ. ಆನೆ ಹೋಯಿತು, ಬಾಲ ಸಿಕ್ಕಿಕೊಂಡಿತು. ನಿಜವಾದ ಆನೆಗಳು ಸಕಲೇಶಪುರ, ಆಲೂರಿನ ತೋಟಗಳಲ್ಲಿ ದಾರಿ ಹುಡುಕುತ್ತಿವೆ. ಅವುಗಳ ಪರವಾಗಿ ಕಡತ ಮಂಡಿಸುವವರಿಲ್ಲ.

2024ರ ಗೌರಿ ಹಬ್ಬದ ದಿನ ಮೊದಲ ಹಂತ ಉದ್ಘಾಟನೆಯಾಯಿತು. ನೀರು ಮೇಲೆ ಬಂತು, ಬಾಗಿನ ಬಿಟ್ಟರು, ಚಪ್ಪಾಳೆ ಬಿತ್ತು. ಮುಂದಿನ ಕಾಲುವೆ ಇನ್ನೂ ಮುಗಿದಿರಲಿಲ್ಲವಾದ್ದರಿಂದ ನೀರನ್ನು ವೇದಾವತಿಯ ಕಣಿವೆಗೆ ಬಿಟ್ಟು ಹಿರಿಯೂರಿನ ವಾಣಿವಿಲಾಸ ಸಾಗರ ಜಲಾಶಯದ ದಾರಿ ತೋರಿಸಲಾಯಿತು. ಹಿರಿಯೂರಿನವರಿಗೆ ಅಭಿನಂದನೆಗಳು. ಹತ್ತು ವರ್ಷ ಕಾದವರು ಕೋಲಾರದವರು.

ಆ ಕೋಲಾರದವರ ವಿಷಯಕ್ಕೆ ಬಂದರೆ ತಮಾಷೆ ನಿಂತುಹೋಗುತ್ತದೆ. ಸಾವಿರ ಅಡಿ ಕೊರೆದರೂ ನೀರು ಸಿಗದ, ಸಿಕ್ಕಿದರೆ ಫ್ಲೋರೈಡ್ ಇರುವ ನೆಲ ಅದು. ಅವರ ಬಾಯಾರಿಕೆ ನಿಜ. ಆ ಬಾಯಾರಿಕೆಯನ್ನು ಮುಂದಿಟ್ಟುಕೊಂಡೇ ಪರಿಶೀಲನೆಯಿಂದ ತಪ್ಪಿಸಿಕೊಂಡರು. ಕರಾವಳಿಯವರು ನೀರಿನ ಲೆಕ್ಕ ಕೇಳಿದರೆ, ನೋಡಿ, ನಿಮಗೆ ಕುಡಿಯಲೂ ಬಿಡುವುದಿಲ್ಲ ಎಂದು ಬಯಲುಸೀಮೆಯವರಿಗೆ ತೋರಿಸಿದರು. ಬಯಲುಸೀಮೆಯವರು ಯಾವಾಗ ಎಂದು ಕೇಳಿದರೆ, ಕರಾವಳಿಯವರ ವಿರೋಧ ನೋಡಿ ಎಂದರು. ಅಷ್ಟರಲ್ಲಿ, 2018ರಿಂದ, ಬೆಂಗಳೂರಿನ ಕೊಳಚೆಯನ್ನು ಎರಡು ಹಂತ ಶುದ್ಧೀಕರಿಸಿ ಕೋರಮಂಗಲ–ಚಲ್ಲಘಟ್ಟ ಕಣಿವೆಯಿಂದ ಕೋಲಾರದ ಕೆರೆಗಳಿಗೆ ಹರಿಸುತ್ತಿದ್ದಾರೆ. ಮೂರನೆಯ ಹಂತದ ಶುದ್ಧೀಕರಣ ಕೇಳಿದವರು ಅಭಿವೃದ್ಧಿಯ ವಿರೋಧಿಗಳಾದರು. ನೇತ್ರಾವತಿ ಕೊಡುತ್ತೇವೆಂದು ಮಾತು ಕೊಟ್ಟವರು ಕೊಟ್ಟಿದ್ದು ನಾವು ತೊಳೆದು ಚೆಲ್ಲಿದ್ದನ್ನು. ಹೊಳೆಯಲ್ಲಿ ಅಷ್ಟು ನೀರಿಲ್ಲ ಎಂಬುದು ಮೊದಲೇ ತಿಳಿದಿದ್ದರೆ ಇಪ್ಪತ್ತಮೂರು ಸಾವಿರ ಕೋಟಿಯಲ್ಲಿ ಎಷ್ಟು ಕೆರೆಗಳ ಹೂಳು ತೆಗೆಯಬಹುದಿತ್ತು, ಎಷ್ಟು ರಾಜಕಾಲುವೆ ಬಿಡಿಸಬಹುದಿತ್ತು ಎಂದು ಯೋಚಿಸಿದರೆ ಸುಸ್ತಾಗುತ್ತದೆ.

ಇದು ಒಂದು ಹೊಳೆಯ ಕಥೆಯೂ ಅಲ್ಲ. ಗೋವಾದ ಕಡೆ ಹರಿಯುವ ಮಹದಾಯಿಯ ನೀರನ್ನು ಇತ್ತ ತಿರುಗಿಸುವ ಕಳಸಾ–ಬಂಡೂರಿ ಯೋಜನೆಗೆ ಪರಿಸರ ಅನುಮತಿ ಬೇಡ ಎಂದು 2019ರ ಅಕ್ಟೋಬರ್‌ನಲ್ಲಿ ದೆಹಲಿಯಿಂದ ಪತ್ರ ಬಂತು, ಗೋವಾ ಕೂಗಾಡಿದ ಮೇಲೆ ಡಿಸೆಂಬರ್‌ನಲ್ಲಿ ಅದೇ ಪತ್ರವನ್ನು ತಡೆಹಿಡಿದರು. ಎರಡು ತಿಂಗಳಲ್ಲಿ ಹೊಳೆ ಬದಲಾಗಿರಲಿಲ್ಲ. ಲಿಂಗನಮಕ್ಕಿಯಿಂದ ಬೆಂಗಳೂರಿಗೆ ಶರಾವತಿಯನ್ನು ತರುವ ಮಾತು ಆಗಾಗ ಎದ್ದು ಮಲಗುತ್ತದೆ. ಎದ್ದು ನಿಂತ ದಿನ ಅದೂ ಕುಡಿಯುವ ನೀರೇ ಆಗಿರುತ್ತದೆ.

ಪರೀಕ್ಷೆಯ ಕಾಲ ಮುಗಿಯಿತು, ಇರಲಿ. ಪಂಪುಗಳಿವೆ, ಒಡ್ಡುಗಳಿವೆ, ಮಳೆಗಾಲವೂ ಬರುತ್ತದೆ. ಜೂನ್ ಹದಿನೈದರಿಂದ ದಿನವೂ ಎಂಟು ಒಡ್ಡುಗಳಿಗೆ ಎಷ್ಟು ನೀರು ಬಂತು, ಎಷ್ಟನ್ನು ಮೇಲೆತ್ತಿದಿರಿ, ಹೊಳೆಗೆ ಎಷ್ಟು ಬಿಟ್ಟಿರಿ, ಅದಕ್ಕೆ ವಿದ್ಯುತ್ ಬಿಲ್ ಎಷ್ಟಾಯಿತು ಎಂಬುದನ್ನು ಸಕಲೇಶಪುರದಲ್ಲೂ ಕೋಲಾರದಲ್ಲೂ ಒಂದೊಂದು ಬೋರ್ಡಿನ ಮೇಲೆ ಬರೆಸಿ. ಬೇಕಾದರೆ ದಶಮಾಂಶ ಸಮೇತ. ಬೋರ್ಡು ಹಾಕುವುದಕ್ಕೂ ಪರಿಸರ ಅನುಮತಿ ಬೇಕಿಲ್ಲ.