ಗೊಬ್ಬರ ಅಂದ್ಮೇಲೆ ನಾತ ಬರಲೇಬೇಕಾ?

ಹೋದ ಏಪ್ರಿಲ್‌ನಲ್ಲಿ ಮೆಂತ್ಯ ಹಾಕೋಣ ಅಂತ ಒಂದು ಚೀಲ ಗೊಬ್ಬರ ತಂದೆ. ನಾನಿರುವುದು ವಾಷಿಂಗ್ಟನ್ ಪಕ್ಕದ ಮೇರಿಲ್ಯಾಂಡ್‌ನಲ್ಲಿ. ಕಪ್ಪಗೆ ಹುಡಿಹುಡಿಯಾಗಿತ್ತು. ಒಂದು ಹಿಡಿ ಎತ್ತಿ ಮೂಸಿದೆ. ನಮ್ಮೂರ ಕೆರೆಯ ಗೋಡಿನ ಹಾಗೆ ಮಣ್ಣಿನ ವಾಸನೆ, ಅಷ್ಟೇ. ಆಮೇಲೆ ವಿಚಾರಿಸಿದರೆ, 'ಬ್ಲೂಮ್' ಅನ್ನುವ ಆ ಗೊಬ್ಬರ ಈ ಊರುಗಳ ಕಕ್ಕಸು ನೀರನ್ನು ಶುದ್ಧ ಮಾಡಿದಾಗ ಉಳಿಯುವ ಕೆಸರಿನದು!

ತಕ್ಷಣ ಮಾಲೂರಿನ ನಮ್ಮ ಮನೆ ನೆನಪಾಯಿತು.

ಹಿಂದಿನ ಸಲ ಊರಿಗೆ ಹೋದಾಗ ಪಕ್ಕದ ತೋಟದವರು ಟೊಮೆಟೊಗೆ ಅಂತ ಬೆಂಗಳೂರಿನ ಅಪಾರ್ಟ್‌ಮೆಂಟ್ ಒಂದರಿಂದ ಎರಡು ಲೋಡ್ ಎಸ್‌ಟಿಪಿ ಗೊಬ್ಬರ, ಅಂದ್ರೆ ಅಲ್ಲಿನ ಕೊಳಚೆ ನೀರು ಶುದ್ಧ ಮಾಡುವ ಘಟಕದ ಕೆಸರು, ಹೊಡೆಸಿದ್ದರು. ಮೊದಲ ದಿನ ಅಂಥಾ ವಾಸನೆಯೇನೂ ಇರಲಿಲ್ಲ. ಮೂರನೇ ದಿನ ರಾತ್ರಿ ಅಮ್ಮ ಎಬ್ಬಿಸಿದಳು. "ಗ್ಯಾಸ್ ಸೋರ್ತಿದೆ ಕಣೋ, ಏಳು. ಲೈಟ್ ಹಾಕ್ಬೇಡ." ಕತ್ತಲಲ್ಲೇ ತಡಕಿ ರೆಗ್ಯುಲೇಟರ್ ತೆಗೆದಳು. ಸಿಲಿಂಡರ್ ಹೊರಗಿಡೋಣ ಅಂತ ಹಿತ್ತಲ ಬಾಗಿಲು ತೆಗೆದರೆ ನಾತ ಇನ್ನೂ ಜಾಸ್ತಿ.

ಅಮ್ಮನ ಮೂಗು ಅಷ್ಟೇನೂ ತಪ್ಪಿರಲಿಲ್ಲ. ಕೆಸರಿನಲ್ಲಿ ಪ್ರೋಟೀನ್ ಇರುತ್ತದೆ, ಅದರೊಳಗೆ ಗಂಧಕ. ಒದ್ದೆ ರಾಶಿಯ ಒಳಗೆ ಗಾಳಿ ಆಡುವುದಿಲ್ಲ. ಅಲ್ಲಿನ ಬ್ಯಾಕ್ಟೀರಿಯಾ ಪ್ರೋಟೀನ್ ಒಡೆದಾಗ ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್, ಕೊಳೆತ ಕೋಸಿನ ವಾಸನೆಯ ಮೀಥೈಲ್ ಮರ್ಕ್ಯಾಪ್ಟನ್ ಹುಟ್ಟುತ್ತವೆ. ಸಿಲಿಂಡರ್ ಸೋರಿದರೆ ಗೊತ್ತಾಗಲಿ ಅಂತ ಬೆರೆಸುವ ಈಥೈಲ್ ಮರ್ಕ್ಯಾಪ್ಟನ್ ಇದರ ಒಡಹುಟ್ಟು. ಗಾಳಿಯಲ್ಲಿ ನೂರು ಕೋಟಿಗೆ ಒಂದೆರಡು ಪಾಲು ಇದ್ದರೂ ಸಾಕು, ಮೂಗು ಹಿಡಿದುಬಿಡುತ್ತದೆ.

ಬೆಳಿಗ್ಗೆ ಹೋಗಿ ಕೇಳಿದರೆ ಪಕ್ಕದವರು, "ಗೊಬ್ಬರ ಅಂದ್ಮೇಲೆ ನಾತ ಇಲ್ದೆ ಇರುತ್ತಾ?" ಅಂದರು. ಅಮ್ಮನೂ ತಲೆಯಾಡಿಸಿದಳು. ನನಗೆ ಬೇಜಾರಾಗಿದ್ದು ಅಲ್ಲೇ.

ಯಾಕೆಂದರೆ ನಮ್ಮವರಿಗೆ ಗೊಬ್ಬರ ಗೊತ್ತಿಲ್ಲ ಅಂತಲ್ಲ. ನಮ್ಮಜ್ಜ ತಿಪ್ಪೆಯೊಳಗೆ ಕೈ ಹಾಕಿ, ಬಿಸಿ ಇದ್ದರೆ "ಇನ್ನೂ ಹಸಿ" ಅಂತ ವಾಪಸ್ ಮುಚ್ಚುತ್ತಿದ್ದರು. ಹಸಿ ಗೊಬ್ಬರ ಬೆಳೆ ಸುಡುತ್ತದೆ ಅಂತ ಮಕ್ಕಳಿಗೂ ಗೊತ್ತಿತ್ತು. ಅದೇ ಲೆಕ್ಕ ಬೆಂಗಳೂರಿನ ಕೆಸರಿಗೆ ಯಾಕಿಲ್ಲ? 2018ರಲ್ಲಿ ಕೆ.ಸಿ. ವ್ಯಾಲಿ ಯೋಜನೆಯ ನೀರು, ಅಂದ್ರೆ ಬೆಂಗಳೂರಿನ ಶುದ್ಧ ಮಾಡಿದ ಕೊಳಚೆ ನೀರು, ಬಂದು ಲಕ್ಷ್ಮೀಸಾಗರ ಕೆರೆಯಲ್ಲಿ ನೊರೆ ಎದ್ದಾಗ ಕೋಲಾರದವರು ಗಲಾಟೆ ಮಾಡಿದರು, ಕೋರ್ಟಿಗೂ ಹೋದರು. ಟ್ರ್ಯಾಕ್ಟರ್‌ನಲ್ಲಿ ಬರುವ ಕೆಸರನ್ನು ಮಾತ್ರ ಯಾರೂ ಕೇಳುವುದಿಲ್ಲ. ಅಗ್ಗಕ್ಕೆ ಬಂತಲ್ಲ ಅಂತ ಸುಮ್ನಿರುತ್ತಾರೆ.

ಇಲ್ಲಿ ಸುಮ್ನಿರಲಿಲ್ಲ. 'ಬ್ಲೂಮ್' ತಯಾರಿಸುವ ವಾಷಿಂಗ್ಟನ್‌ನ ಬ್ಲೂ ಪ್ಲೇನ್ಸ್ ಕೊಳಚೆ ನೀರಿನ ಘಟಕದವರು ಮೊದಲು ಕೆಸರಿಗೆ ಸುಣ್ಣ ಕಲಸಿ ಹಳ್ಳಿಗಳ ಹೊಲಕ್ಕೆ ಕಳಿಸುತ್ತಿದ್ದರು. ಅದೂ ನಾರುತ್ತಿತ್ತು. ಜನ ದೂರಿದರು. ನೀರು ಹಿಂಡುವ ಸೆಂಟ್ರಿಫ್ಯೂಜ್ ಜೋರಾಗಿ ತಿರುಗಿ ಕೆಸರನ್ನು ಕಡೆದಷ್ಟೂ ಪ್ರೋಟೀನ್ ಹೊರಬಂದು, ಕೆಲವು ದಿನಗಳಲ್ಲಿ ನಾತ ಏರುತ್ತದೆ ಅಂತ ಇಲ್ಲಿನ ಸಂಶೋಧಕರು ಪತ್ತೆ ಹಚ್ಚಿದರು. 2015ರಿಂದ ಬ್ಲೂ ಪ್ಲೇನ್ಸ್‌ನಲ್ಲಿ ಕೆಸರನ್ನು ಕುಕ್ಕರಿನಂಥ ಪಾತ್ರೆಗಳಲ್ಲಿ 150 ಡಿಗ್ರಿಗೂ ಮೇಲೆ ಬೇಯಿಸಿ, ಆಮೇಲೆ ವಾರಗಟ್ಟಲೆ ಕೊಳೆಸುತ್ತಾರೆ. ನನ್ನ ಮೆಂತ್ಯಕ್ಕೆ ಬಂದಿದ್ದು ಹಾಗೆ ಹಣ್ಣಾದ ಗೊಬ್ಬರ.

ಇಲ್ಲಿ ಎಲ್ಲವೂ ಸರಿ ಅಂತ ಹೇಳಲಾರೆ. 1993ರ ಅಮೆರಿಕದ ನಿಯಮದಲ್ಲಿ ರೋಗಾಣುಗಳಿಗೆ, ಲೋಹಗಳಿಗೆ ಮಿತಿ ಇದೆ, ವಾಸನೆಗೆ ಇಲ್ಲ. ಕೆಸರಿನಲ್ಲಿ ಪಿಫಾಸ್ (PFAS) ಅನ್ನುವ, ಸುಲಭಕ್ಕೆ ನಶಿಸದ ರಾಸಾಯನಿಕಗಳು ಸಿಕ್ಕಿ ಮೇನ್ ರಾಜ್ಯ 2022ರಲ್ಲಿ ಹೊಲಕ್ಕೆ ಹಾಕುವುದನ್ನೇ ನಿಲ್ಲಿಸಿತು. ಅದಕ್ಕೆ ವಾಸನೆಯೇ ಇಲ್ಲ, ಅಮ್ಮನ ಮೂಗಿಗೂ ಸಿಗದು. ಇನ್ನು ನಮ್ಮ ದೇವನಹಳ್ಳಿಯಲ್ಲೂ 2015ರಲ್ಲೇ ಕಕ್ಕಸು ಗುಂಡಿಯ ಕೆಸರು ಸಂಸ್ಕರಿಸುವ ಘಟಕ ಶುರುವಾಗಿತ್ತು. ಮಾಲೂರಿನಿಂದ ದೂರವೇನಲ್ಲ. ಇದು ನನಗೆ ಗೊತ್ತಾಗಿದ್ದು ಮೇರಿಲ್ಯಾಂಡ್‌ನಲ್ಲಿ ಕೂತು ಹುಡುಕಿದಾಗ.

ಆವತ್ತೇ ತಮ್ಮನಿಗೆ ಫೋನ್ ಮಾಡಿದೆ. ಪಕ್ಕದವರ ಜೊತೆ ಮಾತಾಡು, ಮುಂದಿನ ಲೋಡ್ ಬಂದರೆ ಒಣ ತರಗು ಬೆರೆಸಿ ವಾರಕ್ಕೊಮ್ಮೆ ಮಗುಚಲಿ, ಗಾಳಿ ಆಡಲಿ, ಹಣ್ಣಾಗುವ ತನಕ ಹೊಲಕ್ಕೆ ಬೇಡ ಅಂದೆ. "ಹೇಳ್ತೀನಣ್ಣ," ಅಂದ. ಆಮೇಲೆ ಮೆಲ್ಲಗೆ ಹೇಳಿದ: ಅಮ್ಮ ಈಗಲೂ ರಾತ್ರಿ ಎರಡು ಸಲ ಎದ್ದು ರೆಗ್ಯುಲೇಟರ್ ಮುಟ್ಟಿ ನೋಡುತ್ತಾಳಂತೆ.