ದಿಲ್ಲಿಯಲ್ಲಿ ಹಾಸಿಗೆ, ನಮ್ಮಲ್ಲಿ ಸೆಸ್ಸು

ಕಳೆದ ಚಳಿಗಾಲದಲ್ಲಿ ದಿಲ್ಲಿಯ ಏಮ್ಸ್ ಆಸ್ಪತ್ರೆ ಹತ್ತಿರದ ರೈನ್ ಬಸೇರಾದಲ್ಲಿ, ಅಂದರೆ ಮನೆಯಿಲ್ಲದವರು ಮಲಗುವ ರಾತ್ರಿ ವಸತಿಯಲ್ಲಿ, ಬೀದರ್ ಕಡೆಯ ತಾಯಿಯೊಬ್ಬರು ಸಿಕ್ಕಿದರು. ಮಗನ ಚಿಕಿತ್ಸೆಗೆಂದು ಬಂದವರು. ರಿಪೋರ್ಟುಗಳನ್ನೆಲ್ಲ ಸೀರೆ ಅಂಗಡಿಯ ಕವರಿಗೆ ತುಂಬಿ ತಲೆಯಡಿ ಇಟ್ಟುಕೊಂಡಿದ್ದರು. "ಏನಾದ್ರೂ ತೊಂದರೆ ಇದ್ಯಾ ಅಮ್ಮ?" ಎಂದೆ. "ಇಲ್ಲರಿ ಅಣ್ಣಾ, ರಜಾಯಿ ಕೊಟ್ಟಾರ, ರೊಕ್ಕ ಕೇಳಿಲ್ಲ. ಬೆಂಗಳೂರಾಗ ದವಾಖಾನಿ ಮುಂದ ಫುಟ್‌ಪಾತ್ ಮ್ಯಾಲೇ ಮಲಗಿದ್ವಿ" ಎಂದರು.

ದಿಲ್ಲಿಯನ್ನು ಬೈಯುವುದರಲ್ಲಿ ಇಲ್ಲಿನ ಕನ್ನಡಿಗರು ಹಿಂದೆ ಬಿದ್ದವರಲ್ಲ. ನಾನೂ ಅಷ್ಟೇ. ಅವತ್ತು ಮಾತ್ರ ಬಾಯಿ ಕಟ್ಟಿತು.

ದಿಲ್ಲಿ ದಯೆಯಿಂದ ಇದನ್ನೆಲ್ಲ ಮಾಡಿದೆ ಅಂತೇನೂ ಅಲ್ಲ. 2009ರ ಕೊನೆಯಲ್ಲಿ, ಅದೂ ಕೊರೆಯುವ ಚಳಿಯಲ್ಲಿ, ಪೂಸಾ ರಸ್ತೆಯಲ್ಲಿ ಮನೆಯಿಲ್ಲದವರು ಮಲಗುತ್ತಿದ್ದ ಟೆಂಟ್ ಒಂದನ್ನು ಅಲ್ಲಿನ ಪಾಲಿಕೆ ಕಿತ್ತು ಹಾಕಿತ್ತು. ವಿಷಯ ಕೋರ್ಟಿಗೆ ಹೋಯಿತು. ಆಮೇಲೆ ಸುಪ್ರೀಂ ಕೋರ್ಟ್ ದೊಡ್ಡ ಊರುಗಳಿಗೆಲ್ಲ ಲೆಕ್ಕ ಹಾಕಿಕೊಟ್ಟಿತು: ಲಕ್ಷ ಜನಕ್ಕೆ ಒಂದು ರಾತ್ರಿ ವಸತಿ. 2013ರಿಂದ ನಗರ ಜೀವನೋಪಾಯ ಮಿಷನ್‌ನಲ್ಲಿ ಕೇಂದ್ರದ ದುಡ್ಡೂ ಸಿಗತೊಡಗಿತು. ದಿಲ್ಲಿ ಒದ್ದಾಡಿಕೊಂಡಾದರೂ ಆ ಲೆಕ್ಕ ಮುಟ್ಟಿತು. 2011ರ ಜನಗಣತಿಯಲ್ಲಿ ಬೆಂಗಳೂರಿನ ಜನ 84 ಲಕ್ಷ. ಅಂದರೆ 84 ವಸತಿ ಬೇಕಿತ್ತು. ಹತ್ತಿರಕ್ಕೂ ಬರಲಿಲ್ಲ.

ದುಡ್ಡಿಲ್ಲ ಅನ್ನುವ ಹಾಗೂ ಇಲ್ಲ. ಬೆಂಗಳೂರಿನ ಮನೆಯ ಕಂದಾಯ ಕಟ್ಟುವಾಗ ರಸೀದಿ ನೋಡಿ. ಆರೋಗ್ಯ, ಗ್ರಂಥಾಲಯದ ಜೊತೆಗೆ ಶೇ 3ರಷ್ಟು ಭಿಕ್ಷುಕರ ಸೆಸ್ ಇರುತ್ತದೆ. ವರ್ಷಾವರ್ಷ ಕಟ್ಟುತ್ತೇವೆ, ಯಾರೂ ಕೇಳುವುದಿಲ್ಲ. ಪಾಲಿಕೆ ಅದನ್ನು ಸರಿಯಾಗಿ ದಾಟಿಸುವುದಿಲ್ಲ ಎಂಬ ದೂರು ಹಳೆಯದು. ದಾಟಿದರೂ ಹೋಗುವುದೆಲ್ಲಿಗೆ? ಕರ್ನಾಟಕದ 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯಡಿ ನಡೆಯುವ ನಿರಾಶ್ರಿತರ ಪರಿಹಾರ ಕೇಂದ್ರಗಳಿಗೆ. ಮಾಗಡಿ ರಸ್ತೆಯ ಸುಮನಹಳ್ಳಿಯಲ್ಲಿರುವುದು ಅಂಥದ್ದೇ. 2010ರ ಆಗಸ್ಟ್‌ನಲ್ಲಿ ಅಲ್ಲಿ ಸಾಲುಸಾಲಾಗಿ ಜನ ಸತ್ತದ್ದು ನೆನಪಿದೆ ಅಲ್ವಾ?

ನನಗೆ ತಡೆಯಲಾಗದ್ದು ಇಷ್ಟೇ. ದಿಲ್ಲಿಯ ವಸತಿಗೆ ಮನುಷ್ಯ ತಾನೇ ನಡೆದು ಬರುತ್ತಾನೆ, ಬೆಳಿಗ್ಗೆ ಎದ್ದು ಕೂಲಿಗೆ ಹೋಗುತ್ತಾನೆ. ನಮ್ಮಲ್ಲಿ ಅವನನ್ನು ವ್ಯಾನಿಗೆ ಹತ್ತಿಸಿ ಆ ಕೇಂದ್ರಕ್ಕೆ ಒಯ್ಯುತ್ತಾರೆ. ಆಮೇಲೆ ಹೊರಗೆ ಬರುವುದು ಅವನ ಕೈಯಲ್ಲಿಲ್ಲ. ಕ್ಯಾಟರಿಂಗ್ ಕೆಲಸ ಮುಗಿಸಿ ಮೆಜೆಸ್ಟಿಕ್‌ನಲ್ಲಿ ಮಲಗುವವನಿಗೆ ಬೇಕಾಗಿರುವುದು ಬೆಳಗಿನ ತನಕ ಒಂದು ಚಾಪೆ, ಬ್ಯಾಗ್ ಇಡಲು ಬೀಗ ಹಾಕುವ ಪೆಟ್ಟಿಗೆ. ಅವನು ಭಿಕ್ಷುಕನೇ ಅಲ್ಲ. ದಿಲ್ಲಿ ಹೈಕೋರ್ಟ್ 2018ರಲ್ಲೇ ಭಿಕ್ಷೆ ಬೇಡುವುದನ್ನು ಅಪರಾಧ ಮಾಡುವ ಸೆಕ್ಷನ್‌ಗಳನ್ನು ತೆಗೆದುಹಾಕಿತು. ನಾವು ಇನ್ನೂ ಆ ಹಳೇ ಕಾಯ್ದೆಯಲ್ಲೇ ಇದ್ದೇವೆ.

ಇಷ್ಟು ಬರೆದದ್ದನ್ನು ದಿಲ್ಲಿಯ ಗೆಳೆಯನಿಗೆ ಹೇಳಿದಾಗ ನಕ್ಕ. "ಜೂನ್‌ನಲ್ಲಿ ಇಲ್ಲಿನ ವಸತಿಯ ಆ ತಗಡಿನ ಕ್ಯಾಬಿನ್ ಒಳಗೆ ಹೋಗಿ ಕೂತು ನೋಡು" ಎಂದ. ನಿಜ, ಬೇಯುತ್ತದೆ. ಬೇಸಿಗೆಯಲ್ಲಿ ಜನ ಹೊರಗೇ ಮಲಗುತ್ತಾರೆ. 2023ರ ಫೆಬ್ರವರಿಯಲ್ಲಿ, ಜಿ-20 ಸಂಭ್ರಮದ ವರ್ಷದಲ್ಲೇ, ಸರಾಯ್ ಕಾಲೇ ಖಾನ್‌ನ ವಸತಿಯನ್ನು ಕೆಡವಿದರು. ರಾತ್ರಿಗೊಂದು ಹಾಸಿಗೆ ಕೊಟ್ಟರೆ ಮನೆ ಕೊಟ್ಟ ಹಾಗಲ್ಲ, ಅದನ್ನೂ ಒಪ್ಪಬೇಕು. ವರ್ಷಗಟ್ಟಲೆ ಅದೇ ಹಾಸಿಗೆಯಲ್ಲಿ ಮುದುಕರಾದವರು ಇಲ್ಲಿದ್ದಾರೆ.

ಇನ್ನೊಂದನ್ನು ಒಲ್ಲದ ಮನಸ್ಸಿನಿಂದಲೇ ಹೇಳುತ್ತೇನೆ. ದಿಲ್ಲಿಯಲ್ಲಿ ಟೆಂಟು, ರಜಾಯಿಗೆ ಸರ್ಕಾರದ ಅನುದಾನ ಕಾಯಬೇಕು, ಚಳಿ ಜೋರಾಗಿ ಸತ್ತವರ ಸುದ್ದಿ ಬಂದಾಗ ಓಡಾಟ ಜಾಸ್ತಿ. ನಮ್ಮ ಸೆಸ್ ಹಾಗಲ್ಲ. ಯಾವ ಸರ್ಕಾರ ಬಂದರೂ ಕಂದಾಯದ ಜೊತೆಗೇ ಬಂದು ಬೀಳುತ್ತದೆ. ಆ ಕಾಯ್ದೆಯನ್ನಷ್ಟು ತಿದ್ದಿ, ಅದೇ ದುಡ್ಡಿನಲ್ಲಿ ಮೆಜೆಸ್ಟಿಕ್, ಕಲಾಸಿಪಾಳ್ಯ, ದೊಡ್ಡ ಆಸ್ಪತ್ರೆಗಳ ಪಕ್ಕ ವಸತಿ ತೆರೆದರೆ ದಿಲ್ಲಿಗಿಂತ ಚೆನ್ನಾಗಿ ನಡೆಸಬಹುದು.