ಎರಡು ಲೋಟ ಕಷಾಯದ ಹೊತ್ತು

ನಮ್ಮ ಮನೆಯ ಕಂಪ್ಯೂಟರ್ ಚಾಲೂ ಆಗಲು ಎಷ್ಟು ಹೊತ್ತು ಬೇಕೆಂಬುದನ್ನು ನಾನು ಬಹಳ ಕಾಲ ಕಷಾಯದಲ್ಲೇ ಅಳೆಯುತ್ತಿದ್ದೆ. ಬೆಳಿಗ್ಗೆ ಗುಂಡಿ ಒತ್ತಿ ಅಡುಗೆಮನೆಗೆ ಹೋಗುವುದು. ನೀರಿಟ್ಟು, ಕೊತ್ತಂಬರಿ ಜೀರಿಗೆಯ ಪುಡಿ ಹಾಕಿ, ಬೆಲ್ಲ ಕರಗಿಸಿ, ಹಾಲು ಬೆರೆಸಿ, ಒಂದು ಲೋಟ ಹೆಂಡತಿಯ ಮುಂದಿಟ್ಟು ಇನ್ನೊಂದನ್ನು ಊದುತ್ತ ವಾಪಸು ಬರುವುದು. ಆಗಲೂ ಪರದೆಯ ಮೇಲೆ ಚುಕ್ಕಿಗಳು ಗರಗರ ಸುತ್ತುತ್ತಲೇ ಇರುತ್ತಿದ್ದವು. ಶಿರಸಿಯ ಮಳೆಗಾಲದಲ್ಲಿ ಇದೇನು ದೊಡ್ಡ ತೊಂದರೆಯಲ್ಲ. ಅಡಿಕೆ ತೋಟಕ್ಕೆ ಕೊಳೆರೋಗದ ಮದ್ದು ಹೊಡೆಯಲು ಮಳೆ ಬಿಟ್ಟು ಹೊಳವಾಗುವುದನ್ನು ವಾರಗಟ್ಟಲೆ ಕಾಯುವ ನಮಗೆ ಕಂಪ್ಯೂಟರಿಗಾಗಿ ಕಾಯುವುದು ಯಾವ ಲೆಕ್ಕ?

ಲೆಕ್ಕವಾದದ್ದು ಭಾವ ಬಂದ ಮೇಲೆ. ಅವರು ಕುಮಟೆಯವರು, ನನ್ನ ಹೆಂಡತಿಯ ಅಣ್ಣ. ನಾನು ಅವರಿಗೆ ಭಾವ, ಅವರು ನನಗೆ ಭಾವ. ಹಾಗಾಗಿ ಯಾರೂ ಯಾರಿಗೂ ಸೋಲುವಂತಿಲ್ಲ. ಹೊಸ ಲ್ಯಾಪ್‌ಟಾಪನ್ನು ಮಗುವಿನಂತೆ ಎತ್ತಿಕೊಂಡು ದೇವಿಮನೆ ಘಟ್ಟ ಹತ್ತಿ ಬಂದವರು, ಕೈಕಾಲು ತೊಳೆಯುವ ಮೊದಲೇ ಅದರ ಮುಚ್ಚಳ ತೆರೆದರು. "ನೋಡಿ ಭಾವ, ಎರಡೇ ಸೆಕೆಂಡು."

"ಅದು ನಿದ್ದೆಯಿಂದ ಎದ್ದದ್ದು. ಪೂರ್ತಿ ಬಂದ್ ಮಾಡಿ ತೋರಿಸಿ" ಎಂದೆ.

ಬಂದ್ ಮಾಡಿ ಚಾಲೂ ಮಾಡಿದರು. ಹನ್ನೊಂದು ಸೆಕೆಂಡು. ನನ್ನ ಕಷಾಯ ಗಂಟಲಲ್ಲೇ ನಿಂತಿತು.

ನನ್ನ ಪಾಲಿಗೆ ದೇವರಂತೆ ಬಂದವನು ಅವರ ಮಗನೇ. ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದುವ ಆ ಮಾಣಿ, ಅಪ್ಪ ಎಂದೂ ನೋಡದೆ ಗುಟ್ಟು ಬಿಟ್ಟುಕೊಟ್ಟ. "ಮಾವ, ಇದೂ ಪೂರ್ತಿ ಬಂದ್ ಆದದ್ದಲ್ಲ. 2012ರಲ್ಲಿ ಬಂದ ವಿಂಡೋಸ್ 8ರಿಂದ ಈಚೆಗೆ ಶಟ್‌ಡೌನ್ ಎಂದರೂ ವ್ಯವಸ್ಥೆಯ ತಿರುಳನ್ನು ಡಿಸ್ಕಿನಲ್ಲಿ ಬರೆದಿಟ್ಟುಕೊಂಡು ಮಲಗುತ್ತದೆ. ಮರುದಿನ ಅದನ್ನೇ ಎತ್ತಿಕೊಂಡು ಏಳುತ್ತದೆ. ಫಾಸ್ಟ್ ಸ್ಟಾರ್ಟಪ್ ಎನ್ನುತ್ತಾರೆ. ರೀಸ್ಟಾರ್ಟ್ ಕೊಟ್ಟರೆ ಮಾತ್ರ ನಿಜವಾಗಿ ಮೊದಲಿನಿಂದ ಶುರು."

ಮೂಲೆಯಲ್ಲಿ ಬತ್ತಿ ಹೊಸೆಯುತ್ತಿದ್ದ ಆಯಿಗೆ ಇದು ನಮಗಿಂತ ಮೊದಲೇ ಅರ್ಥವಾಯಿತು. "ರಾತ್ರಿ ಕೆಂಡಕ್ಕೆ ಬೂದಿ ಮುಚ್ಚಿಟ್ಟು, ಬೆಳಿಗ್ಗೆ ಊದಿ ಉರಿ ಮಾಡಿದ ಹಾಗೆ. ಅದರಲ್ಲಿ ಹೆಚ್ಚುಗಾರಿಕೆ ಏನು? ಒದ್ದೆ ಕಟ್ಟಿಗೆಗೆ ಹೊಸದಾಗಿ ಬೆಂಕಿ ಹಚ್ಚಿ ತೋರಿಸಲಿ."

ಹೀಗೆ ಸ್ಪರ್ಧೆಯ ಮೊದಲ ನಿಯಮ ಹುಟ್ಟಿತು: ಇಬ್ಬರೂ ಆ ಸೌಲಭ್ಯದ ಗುರುತನ್ನು ತೆಗೆದುಹಾಕಿ, ತಣ್ಣಗಿನ ಒಲೆ ಹಚ್ಚಬೇಕು. ಎರಡನೆಯದರ ಬಗ್ಗೆ ಜಗಳವೇ ಆಯಿತು. ಪರದೆಯ ಮೇಲೆ ಚಿತ್ರ ಮೂಡಿದರೆ ಚಾಲೂ ಆದಂತೆ ಎಂದು ಭಾವ; ಚಿತ್ರ ಮೂಡಿದ ಮೇಲೂ ಮೂರು ನಿಮಿಷ ಏನು ಒತ್ತಿದರೂ ಅಲುಗಾಡದ ಯಂತ್ರವನ್ನು ಕಂಡ ನಾನು ಒಪ್ಪಲಿಲ್ಲ. ಹಾಗೆ ನೋಡಿದರೆ ಒಪ್ಪುವುದೇ ನನಗೆ ಲಾಭವಿತ್ತು, ಅದು ಆಮೇಲೆ ಹೊಳೆಯಿತು. ಮತ್ತೆ ಆಯಿಯೇ ತೀರ್ಪು ಕೊಟ್ಟರು: "ನೆಂಟರು ಅಂಗಳಕ್ಕೆ ಬಂದರೆ ಊಟವಾಯಿತು ಎನ್ನುತ್ತೀರೋ?" ಅಲ್ಲಿಗೆ, ಅಡಿಕೆ ಲೆಕ್ಕದ ಕಡತ ತೆರೆದು ಅದರಲ್ಲಿ ಒಂದು ಸಾಲು ಟೈಪು ಮಾಡುವವರೆಗೆ ಗಡಿಯಾರ ಓಡಬೇಕು ಎಂದಾಯಿತು.

ಭಾವನದು 29 ಸೆಕೆಂಡು. ನನ್ನದು 4 ನಿಮಿಷ 40. ಭಾವ ಏನೂ ಹೇಳಲಿಲ್ಲ. ಎರಡನೆಯ ಸಲ ಮಜ್ಜಿಗೆ ಹಾಕಿಸಿಕೊಂಡು ನಗುತ್ತ ಉಂಡರು, ಅಷ್ಟೆ.

ಅವರು ಘಟ್ಟ ಇಳಿದ ಮರುದಿನವೇ ನಾನು ಅಡಿಕೆ ಲೆಕ್ಕದ ಪುಸ್ತಕದ ಹಿಂದಿನ ಪುಟಗಳಲ್ಲಿ ಸೆಕೆಂಡುಗಳನ್ನು ಬರೆಯತೊಡಗಿದೆ. ಮಾಣಿ ಫೋನಿನಲ್ಲಿ ಹೇಳಿಕೊಟ್ಟಂತೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ಬಂತು. ಅದರ ಸ್ಟಾರ್ಟಪ್ ಪುಟದಲ್ಲಿ ಗುಂಡಿ ಒತ್ತಿದ ಕೂಡಲೇ ತಾವೂ ಏಳುವವರ ಪಟ್ಟಿ, ಯಾರಿಂದ ಎಷ್ಟು ಭಾರ ಎಂಬ ವಿವರ ಸಮೇತ. ಹತ್ತೊಂಬತ್ತು ಮಂದಿ! ಮದುವೆಗೆಂದು ಬಂದು ಉಳಿದೇಬಿಟ್ಟ ನೆಂಟರು. ಎರಡು ಮಾರಿಕಾಂಬಾ ಜಾತ್ರೆಗಳ ಹಿಂದೆಯೇ ಕಣ್ಣು ಮುಚ್ಚಿದ ಪ್ರಿಂಟರಿನ ಸಹಾಯಕನೊಬ್ಬ, ಅಂದರೆ ನಾಲ್ಕು ವರ್ಷಗಳಿಂದ, ಪ್ರತಿದಿನ ಬೆಳಿಗ್ಗೆ ಎದ್ದು ಯಜಮಾನನನ್ನು ಹುಡುಕುತ್ತಿದ್ದ. ನಾನು ಮಾರಿಬಿಟ್ಟ ಮೊಬೈಲಿಗೆ ಹೊಸ ಸಂಗತಿ ಬಂದಿದೆಯೇ ಎಂದು ವಿಚಾರಿಸುವವನು ಇನ್ನೊಬ್ಬ. ಕನಿಕರವೆನಿಸಿದರೂ ಒಬ್ಬೊಬ್ಬರನ್ನೇ ಹೊರಗೆ ಕಳಿಸಿದೆ. ಕೈಗೆ ಒಂದು ರುಚಿ ಹತ್ತಿತು ನೋಡಿ, ಹೆಸರು ತಿಳಿಯದವರನ್ನೂ ಕಳಿಸಿಬಿಟ್ಟೆ.

3 ನಿಮಿಷ 50. ಐವತ್ತು ಸೆಕೆಂಡು ಉಳಿಯಿತು. ಅದೇ ಸಂತೋಷದಲ್ಲಿ ದೇವಸ್ಥಾನದ ತಾಳಮದ್ದಳೆಯ ಆಮಂತ್ರಣ ಟೈಪು ಮಾಡಲು ಕುಳಿತೆ. ನಾನು ಕೀಲಿ ನೋಡಿ ಟೈಪು ಮಾಡುವವನು, ಪರದೆ ನೋಡುವವನಲ್ಲ. ಒಂದು ಪುಟ ಮುಗಿಸಿ ತಲೆ ಎತ್ತಿದರೆ ಬರಿಯ ಕೊಂಬು, ಒತ್ತು, ದೀರ್ಘಗಳು ಗುಂಪು ಕಟ್ಟಿಕೊಂಡು ನಿಂತಿವೆ, ಅಕ್ಷರಗಳದ್ದು ಪತ್ತೆಯಿಲ್ಲ. ಹೊರಗೆ ಕಳಿಸಿದವರಲ್ಲಿ ಕನ್ನಡದ ಕೀಲಿಮಣೆ ನೋಡಿಕೊಳ್ಳುವ ತಂತ್ರಾಂಶವೂ ಇತ್ತು. ಅಕ್ಷರಶೈಲಿ ಮಾತ್ರ ಉಳಿದಿತ್ತು, ಒತ್ತಿದ ಇಂಗ್ಲಿಷ್ ಕೀಲಿಗೆ ತನ್ನಲ್ಲಿದ್ದ ಚೂರುಗಳನ್ನು ಎಸೆಯುತ್ತ. ಅವನನ್ನು ಕ್ಷಮೆ ಕೇಳಿ ಒಳಗೆ ಕರೆದೆ. 3 ನಿಮಿಷ 56.

ಇನ್ನು ಡಿಸ್ಕ್ ಬದಲಿಸದೆ ಉಪಾಯವಿಲ್ಲ ಎಂದ ಮಾಣಿ. ಹಳೆಯ ಹಾರ್ಡ್ ಡಿಸ್ಕಿನೊಳಗೆ ನಿಮಿಷಕ್ಕೆ 7,200 ಸುತ್ತು ತಿರುಗುವ ತಟ್ಟೆ, ಅದರ ಮೇಲೆ ಅತ್ತಿತ್ತ ಓಡಾಡುವ ಒಂದು ಕೈ. ಚಾಲೂ ಆಗುವಾಗ ಬೇಕಾದ ಸಾವಿರಾರು ಚಿಕ್ಕ ಕಡತಗಳು ತಟ್ಟೆಯ ತುಂಬ ಚೆಲ್ಲಿರುತ್ತವೆ. ಪ್ರತಿಯೊಂದಕ್ಕೂ ಆ ಕೈ ಹೋಗಬೇಕು, ತಟ್ಟೆ ತಿರುಗಿ ಬರುವುದನ್ನು ಕಾಯಬೇಕು. ನನಗೆ ಕೂಡಲೇ ಕೊನೆಗೌಡ ನೆನಪಾದ. ಒಳ್ಳೆಯ ಕೊನೆಗೌಡ ಒಂದು ಮರ ಹತ್ತಿದರೆ ತುದಿಯಿಂದ ತುದಿಗೆ ಬಾಗಿ ನಾಲ್ಕಾರು ಮರಗಳ ಕೊನೆ ಕೊಯ್ದೇ ಇಳಿಯುವುದು. ನನ್ನ ಡಿಸ್ಕಿನವನು ಒಂದೊಂದು ಅಡಿಕೆಗೂ ಒಂದೊಂದು ಮರ ಹತ್ತಿ ಇಳಿಯುತ್ತಿದ್ದ. ಎಸ್‌ಎಸ್‌ಡಿ ಎಂಬ ಹೊಸ ಬಗೆಯ ಡಿಸ್ಕಿನಲ್ಲಿ ತಟ್ಟೆಯೂ ಇಲ್ಲ, ಕೈಯೂ ಇಲ್ಲ, ಎಲ್ಲ ಎಲೆಕ್ಟ್ರಾನಿಕ್ ಚಿಪ್‌ಗಳೊಳಗೆ. ಅಂದರೆ ಹತ್ತಬೇಕಾದ ಮರವೇ ಇಲ್ಲ. ಐದಾರು ಕಿಲೋ ಚಾಲಿ ಅಡಿಕೆಯ ಬೆಲೆಗೆ ಅಂಥ ತೋಟ ಸಿಗುವುದಾದರೆ ಯಾರು ಬೇಡ ಎಂದಾರು?

ಪೇಟೆಯ ಅಂಗಡಿಯ ಹುಡುಗ ಹಳೆಯದರಲ್ಲಿದ್ದುದನ್ನೆಲ್ಲ ಹಾಗೆಯೇ ಹೊಸದಕ್ಕೆ ನಕಲು ಮಾಡಿ ಕೊಟ್ಟ. ಮನೆಗೆ ತಂದು ಗುಂಡಿ ಒತ್ತಿ, ಕಡತ ತೆರೆದು ಸಾಲು ಟೈಪು ಮಾಡಿದೆ. 26 ಸೆಕೆಂಡು! ಮತ್ತೊಮ್ಮೆ ನೋಡಿದೆ. 26. ಕುಮಟೆಗೆ ಫೋನ್ ಮಾಡಿ, ಭಾನುವಾರ ಬೆಳಿಗ್ಗೆ ವೀಡಿಯೊ ಕರೆಯಲ್ಲಿ ಸ್ಪರ್ಧೆ ಎಂದು ಸವಾಲು ಹಾಕಿದೆ.

ಶನಿವಾರ ರಾತ್ರಿ ಗುಡುಗು, ಸಿಡಿಲು. ನಮ್ಮಲ್ಲಿ ಸಿಡಿಲಿನ ಸೂಚನೆ ಕಂಡರೆ ಮೊದಲು ಮಾಡುವ ಕೆಲಸ ಎಲ್ಲ ಪ್ಲಗ್ ಕೀಳುವುದು. ಕಿತ್ತೆ.

ಭಾನುವಾರ ಮಾಣಿಯೇ ಸಮಯಪಾಲಕ. "ಒಂದು, ಎರಡು, ಮೂರು!" ಒತ್ತಿದೆ. ಪರದೆ ಕಪ್ಪಾಯಿತು, ಬಿಳಿಯ ಅಕ್ಷರಗಳಲ್ಲಿ ಏನೋ ಎರಡು ಸಾಲು ಬಂತು, ಅಲ್ಲಿಗೇ ನಿಂತಿತು. ಹತ್ತು ಸೆಕೆಂಡು. ಇಪ್ಪತ್ತು. ಕನ್ನಡಕ ಅಡುಗೆಮನೆಯಲ್ಲಿತ್ತು. ತಂದು ಓದಿದರೆ, ದಿನಾಂಕ ಮತ್ತು ಸಮಯ ಹೊಂದಿಸಿಲ್ಲ, ಮುಂದುವರಿಯಲು ಎಫ್1 ಒತ್ತಿ ಎಂದು ಇಂಗ್ಲಿಷಿನಲ್ಲಿ ವಿನಯಪೂರ್ವಕವಾಗಿ ಕೇಳಿಕೊಳ್ಳುತ್ತಿದೆ. ಫೋನಿನಲ್ಲಿ ಭಾವ ತಮ್ಮ ಪರದೆಯನ್ನು ನನಗೆ ತೋರಿಸುತ್ತಿದ್ದರು. ಅಡಿಕೆ ಲೆಕ್ಕದ ಕಡತದಲ್ಲಿ ಒಂದೇ ಸಾಲು: "ಭಾವನಿಗೆ ನಮಸ್ಕಾರ."

ಎಫ್1 ಒತ್ತಿದೆ. ಮಿಂಚಿನಂತೆ ಎದ್ದಿತು, ಅದರ ಮೇಲೆ ಸಿಟ್ಟು ಮಾಡಲೂ ಆಗದಷ್ಟು ಬೇಗ. ಮೂಲೆಯಲ್ಲಿ ತಾರೀಖು 2013ರ ಜನವರಿ 1. ಯಂತ್ರ ಬಂದ್ ಇದ್ದಾಗಲೂ ಗಡಿಯಾರ ನಡೆಸುವ, ರೂಪಾಯಿ ನಾಣ್ಯದ ಹಾಗಿನ ಮೂರು ವೋಲ್ಟಿನ ಸೆಲ್ ಒಂದು ಒಳಗಿರುತ್ತದಂತೆ, ಸಿಆರ್2032 ಎಂದು ಹೆಸರು. ಅದು ಸತ್ತಿತ್ತು. ಪ್ಲಗ್ ಸಿಕ್ಕಿಸಿಯೇ ಇದ್ದಾಗ ಗೋಡೆಯ ಕರೆಂಟಿನಲ್ಲಿ ಬದುಕಿರುವಂತೆ ನಟಿಸುತ್ತಿತ್ತು. ಸಿಡಿಲಿಗೆ ಹೆದರಿ ನಾನು ಪ್ಲಗ್ ಕಿತ್ತ ರಾತ್ರಿ ಯಂತ್ರಕ್ಕೆ ತಾನು ಯಾವ ಕಾಲದಲ್ಲಿದ್ದೇನೆ ಎಂಬುದೇ ಮರೆತುಹೋಗಿತ್ತು. ಒಂದು ವಾಹನವನ್ನು ಘಟ್ಟದುದ್ದಕ್ಕೂ ಬಿರುಸಾಗಿ ಓಡಿಸಿ, ಮನೆಯ ದಣಪೆಯ ಹತ್ತಿರ ಯಾರಾದರೂ ಬಂದು ತೆಗೆಯಲಿ ಎಂದು ಕಾದು ನಿಂತ ಹಾಗೆ.

ಸೆಲ್ ಬದಲಿಸಿದೆ. ಮರುಪಂದ್ಯದಲ್ಲಿ 26ಕ್ಕೆ 29, ಗೆದ್ದೆ. ಮೂರು ಸೆಕೆಂಡಿನ ಗೆಲುವು ಗೆಲುವಲ್ಲವೇ? ಮೂರು ದಿನ ಮನೆಯಲ್ಲಿ ಅದನ್ನೇ ಹೇಳಿದೆ.

ನಾಲ್ಕನೆಯ ದಿನ ಹೆಂಡತಿ, "ಆ ಹಳೆಯ ಡಿಸ್ಕನ್ನು ಎಲ್ಲಿಟ್ಟಿದ್ದೀರಿ?" ಎಂದು ಕೇಳಿದಳು.

"ಯಾಕೆ?"

"ಹಾಕಿಕೊಳ್ಳಿ. ಎಂಟು ದಿನವಾಯಿತು, ಕಷಾಯದ ಮುಖ ನೋಡಿ."

ತಪ್ಪು ತಿಳಿಯಿತು. ಮರುದಿನದಿಂದ ಮೊದಲು ನೀರಿಟ್ಟು ಆಮೇಲೆ ಗುಂಡಿ ಒತ್ತುತ್ತೇನೆ; ಅಂದರೆ ಈಗ ಕಂಪ್ಯೂಟರ್ ಎದ್ದು ನನಗಾಗಿ ಕಾಯುತ್ತಿರುತ್ತದೆ. ಈ ಸಂಗತಿಯನ್ನು ತಂಗಿ ಅಣ್ಣನಿಗೆ ಹೇಳಿರಬೇಕು. ನಿನ್ನೆ ಸಂಜೆ ಭಾವ ಫೋನ್ ಮಾಡಿ ಕುಶಲ ವಿಚಾರಿಸಿದರು, ಮಳೆ ವಿಚಾರಿಸಿದರು, ಆಯಿಯ ಮಂಡಿನೋವು ವಿಚಾರಿಸಿದರು. ಕೊನೆಗೆ, ಇಂಡಕ್ಷನ್ ಒಲೆಯ ಮೇಲೆ ತಮ್ಮ ಮನೆಯಲ್ಲಿ ಎರಡು ಲೋಟ ನೀರು ಎಷ್ಟು ಬೇಗ ಕುದಿಯುತ್ತದೆ ಗೊತ್ತೇ ಎಂದರು.

"ಕುದಿಯುವುದು ಎಂದರೆ?" ಎಂದು ಕೇಳಿದೆ. "ಗುಳ್ಳೆ ಏಳುವುದೋ, ಉಕ್ಕಿ ಬರುವುದೋ?" ಲೆಕ್ಕದ ಪುಸ್ತಕ ಕೈಗೆ ಸಿಗುವಷ್ಟು ಹತ್ತಿರದಲ್ಲೇ ಇತ್ತು.